ಮೇಷ್ಟ್ರ ಕೋಟಿನ ತೋಳು

ಮಾರ್ಚ್ ೧೧, ಮಂಗಳವಾರ

ಮೇಷ್ಟ್ರಿಗೆ ನಾಳೆ ಏನಂತ ಹೇಳಲಿ? ಗುರುವಾರ ಅವರ ಬೀಳ್ಕೊಡುಗೆ ಸಮಾರಂಭ. ಅದಕ್ಕೆಂದೇ ಹೊಲಿಯಲು ಕೊಟ್ಟಿದ್ದ ಬೂದು ಕೋಟಿನ ಒಂದು ತೋಳನ್ನು ನನ್ನ ಐದು ವರ್ಷದ ಮಗಳು ಕತ್ತರಿಸಿಬಿಟ್ಟಿದ್ದಾಳೆ. ನಾನು ಪಕ್ಕದ ಅಂಗಡಿಗೆ ಗುಂಡಿ ತರಲು ಹೋಗಿದ್ದು ಐದೇ ನಿಮಿಷ.

ಬಂದು ನೋಡಿದರೆ, ಅವಳ ತಮ್ಮನ ಎರಡು ಕಾಲೂ ಆ ಒಂದೇ ತೋಳಿನೊಳಗೆ!

"ಅಪ್ಪಾ, ಪಾಪುಗೆ ಪ್ಯಾಂಟು! ನಾನೇ ಮಾಡ್ದೆ!"

ಅವನೋ ಮೀನಿನ ಹಾಗೆ ಪಟಪಟ ಬಡಿದುಕೊಳ್ಳುತ್ತ, ಇರುವ ಎರಡೇ ಹಲ್ಲು ತೋರಿಸಿ ಕೇಕೆ ಹಾಕುತ್ತಿದ್ದ. ಬೈಯಲೆಂದು ಬಾಯಿ ತೆರೆದೆ, ನಗು ಬಂದುಬಿಟ್ಟಿತು. ಮೂವರೂ ನೆಲದ ಮೇಲೆ ಉರುಳಾಡಿ ನಕ್ಕೆವು. ಆಮೇಲೆ ನಾಲ್ಕು ಅಂಗಡಿ ಅಲೆದೆ. ಆ ಬಟ್ಟೆ ಎಲ್ಲೂ ಸಿಗಲಿಲ್ಲ. ಮೇಷ್ಟ್ರಿಗೆ ಹೇಳೋಣವೆಂದು ಎರಡು ಸಲ ಫೋನ್ ಎತ್ತಿಕೊಂಡು ಎರಡು ಸಲವೂ ಕೆಳಗಿಟ್ಟೆ.

ಸಂಜೆ ಹೆಂಡತಿ ಕೆಲಸದಿಂದ ಬಂದವಳು ವಿಷಯ ಕೇಳಿ ತಲೆ ಮೇಲೆ ಕೈ ಹೊತ್ತು ಕೂತಳು.

"ಅವಳಿಗೆ ಬೈದ್ರೋ ಇಲ್ವೋ?"

"ಬೈದೆ," ಎಂದು ಸುಳ್ಳು ಹೇಳಿದೆ.

"ಹೂಂ ಅಮ್ಮಾ, ಅಪ್ಪ ತುಂಬಾ ಜೋರಾಗಿ ಬೈದ್ರು," ಎಂದು ಮಗಳು ನನ್ನ ಪರ ನಿಂತು, ಒಣಗಿದ ಕಣ್ಣನ್ನೇ ಒರೆಸಿಕೊಂಡಳು.

ಇಂಥವಳನ್ನು ನಾನು ಯಾವ ಬಾಯಲ್ಲಿ ಬೈಯಲಿ?