ಚೆಸ್ಟ್‌ನಟ್ ಪೊಟರೆಯಲ್ಲಿ ಶ್ರೀಜಿತ್

೧೯ ಅಕ್ಟೋಬರ್, ಭಾನುವಾರ. ಬಾಡ್‌ಹೂವೆಡಾರ್ಪ್.

ಅತ್ತೆ ಉಡುಪಿಯಿಂದ ಹೊತ್ತು ತಂದ ಕಬ್ಬಿಣದ ದೋಸೆ ಕಾವಲಿಯನ್ನು ನಾನು ಡಿಶ್‌ವಾಶರ್‌ಗೆ ಹಾಕಿ ತುಕ್ಕು ಹಿಡಿಸಿದಂದಿನಿಂದ ಅವರು ನನ್ನೊಡನೆ ಮಾತು ಬಿಟ್ಟಿದ್ದರು. ರಾಜಿ ಮಾಡಿಸಲೆಂದು ನನ್ನ ಗಂಡ ಶ್ರೀಜಿತ್ ಇವತ್ತು ನಮ್ಮಿಬ್ಬರನ್ನೂ ನೈಮೇಗನ್ ಹತ್ತಿರದ ಹಳೆಯ ಚೆಸ್ಟ್‌ನಟ್ ಕಾಡಿಗೆ ಕರೆದೊಯ್ದ. ಕಾರಿನಲ್ಲಿ ಅತ್ತೆ ನನಗೆ ಹೇಳಬೇಕಾದದ್ದನ್ನೂ ಮಗನಿಗೇ ಹೇಳಿದರು: "ಕಿಟಕಿ ಹಾಕಲಿಕ್ಕೆ ಹೇಳು ಅವಳಿಗೆ."

ನೂರಾರು ವರ್ಷದ ಮರವೊಂದರ ಪೊಟರೆಯೊಳಗೆ ಫೋಟೊಗೆಂದು ನುಗ್ಗಿದ ಶ್ರೀಜಿತ್, ಹೊರಬರುವಾಗ ಹೊಟ್ಟೆಯ ಹತ್ತಿರ ಸಿಕ್ಕಿಕೊಂಡ. ನಾಯಿಯೊಡನೆ ಬಂದ ಡಚ್ ಅಜ್ಜಿಯೊಬ್ಬರು ಅವನಿಗೆ ಶುಭದಿನ ಹಾರೈಸಿ ಮುಂದೆ ಹೋದರು.

"ಶ್ರೇಯಾ, ಎಂತ ನೋಡ್ತಾ ನಿಂತದ್ದು? ನೀನು ಆ ಕೈ ಹಿಡಿ, ನಾನು ಈ ಕೈ!" ಎಂದರು ಅತ್ತೆ. ಮಗನಿಗೆ, "ಉಸಿರು ಬಿಡು ಮಾರಾಯ!"

ಅವನು ಒಮ್ಮೆಲೇ ಕಳಚಿಕೊಂಡ. ನಾವಿಬ್ಬರೂ ಚೆಸ್ಟ್‌ನಟ್‌ನ ಮುಳ್ಳುಕಾಯಿಗಳ ಮೇಲೆ ಕೈಯೂರಿ ಬಿದ್ದೆವು. ಅತ್ತೆಗೆ ನಗು ತಡೆಯಲಾಗಲಿಲ್ಲ, ನನಗೂ.

ಬೇಕೆಂದೇ ಸಿಕ್ಕಿಕೊಂಡೆ ಎಂದು ಶ್ರೀಜಿತ್ ಈಗ ಕೊಚ್ಚಿಕೊಳ್ಳುತ್ತಿದ್ದಾನೆ. ಕೊಚ್ಚಿಕೊಳ್ಳಲಿ. ಸಂಜೆ ಅತ್ತೆ ಕನ್ನಡಕ ಹಾಕಿಕೊಂಡು, ಮಗನ ಹೊಟ್ಟೆಯನ್ನು ಬೈಯುತ್ತ, ಸೂಜಿಯಿಂದ ನನ್ನ ಅಂಗೈಯ ಮುಳ್ಳು ತೆಗೆದರು. ಎಲ್ಲ ಮುಳ್ಳು ಬಂದ ಮೇಲೂ ಇನ್ನೊಂದಿದೆ ಎಂದು ಸುಳ್ಳು ಹೇಳಿ ಕೈ ಚಾಚಿಯೇ ಕೂತಿದ್ದೆ. ಅವರೂ ಹುಡುಕುತ್ತಲೇ ಇದ್ದರು.