ಕರಿ ಕೋಟಿನ ಮೇಲಿನ ಹೊಟ್ಟು

ಔಷಧ ಖರೀದಿ ಮಂಡಳಿಯ ಅಧ್ಯಕ್ಷರೇ,

ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಕೊಡುತ್ತಿದ್ದ ರೆಟಿನಾಯ್ಡ್ ಕ್ಯಾಪ್ಸೂಲನ್ನು ಸರ್ಕಾರಿ ಆಸ್ಪತ್ರೆಗಳಿಂದ ತೆಗೆದುಹಾಕಿ, 'ಅದೇ ಕಾಯಿಲೆಗೆ ಇನ್ನೊಂದು ಔಷಧವಿದೆ' ಎಂದು ತಾವು ಆದೇಶ ಹೊರಡಿಸಿದಿರಿ. ಆ ಇನ್ನೊಂದು ಔಷಧ ನುಂಗಿದ ನನ್ನ ಗಂಡ ಈಗಿಲ್ಲ. 'ಮಾನ್ಯರೇ' ಎಂದು ಬರೆಯಲು ಕೈ ಬರಲಿಲ್ಲ, ಕ್ಷಮಿಸಿ.

ನಮ್ಮವರು ದರ್ಜಿ. ನ್ಯಾಯಾಲಯದ ಎದುರಿನ ಓಣಿಯಲ್ಲಿ ವಕೀಲರಿಗೆ ಕರಿ ಕೋಟು ಹೊಲಿಯುತ್ತಿದ್ದರು. ತಲೆ, ಕತ್ತು, ಮೊಣಕೈಯಿಂದ ಬಿಳಿ ಹೊಟ್ಟು ಉದುರಿ ಕರಿ ಬಟ್ಟೆಯ ಮೇಲೆ ಬೀಳುತ್ತಿತ್ತು. ಇದು ಅಂಟುವ ಕಾಯಿಲೆಯಲ್ಲವೆಂದು ಎಷ್ಟು ಹೇಳಿದರೂ ಗಿರಾಕಿಗಳು ಮುಖ ಸಿಂಡರಿಸುತ್ತಿದ್ದರು. ಹಾಗಾಗಿ ಕೋಟು ಕೊಡುವ ಮೊದಲು ಬ್ರಷ್ ಹಾಕುವುದು ನನ್ನ ಕೆಲಸ. "ಇವಳೇ, ಕಾಲರ್ ಕೆಳಗೂ ನೋಡು. ವಕೀಲರು ಸಾಕ್ಷಿ ಹುಡುಕೋದ್ರಲ್ಲಿ ಗಟ್ಟಿಗರು," ಎಂದು ನಗುತ್ತಿದ್ದರು.

ಚರ್ಮದ ವೈದ್ಯೆ ಆ ಕ್ಯಾಪ್ಸೂಲನ್ನು ಸುಮ್ಮನೆ ಬರೆದಿರಲಿಲ್ಲ. "ಮೈಯೊಳಗಿನ ಕಾವಲುಗಾರರು ತಮ್ಮ ಚರ್ಮನೇ ಶತ್ರು ಅಂದ್ಕೊಂಡಿದ್ದಾರೆ. ಹೊಡಿ ಅನ್ನೋರು ಜಾಸ್ತಿಯಾಗಿ, ಸಾಕು ಬಿಡ್ರೋ ಅನ್ನೋರ ಮಾತು ನಡೀತಿಲ್ಲ. ಈ ಕ್ಯಾಪ್ಸೂಲ್ ಆ ತೂಕ ಸರಿ ಮಾಡೋಕೆ ನೋಡುತ್ತೆ, ಕಾವಲನ್ನೇ ಮಲಗಿಸಲ್ಲ. ಯಜಮಾನರ ಶ್ವಾಸಕೋಶದಲ್ಲಿ ಹಳೇ ಕ್ಷಯದ ಗುರುತಿದೆ ಅಮ್ಮಾ, ಅಲ್ಲಿ ಕಾವಲು ಎದ್ದೇ ಇರಬೇಕು," ಎಂದಿದ್ದರು. ಕ್ಯಾಪ್ಸೂಲ್ ಶುರುವಾದ ಮೇಲೆ ತುಟಿ ಒಡೆಯಿತು, ಬೆರಳ ತುದಿ ಸುಲಿದು ಸೂಜಿ ಹಿಡಿಯಲು ಕಷ್ಟವಾಯಿತು. ಆದರೂ ಹೊಟ್ಟು ಕಡಿಮೆಯಾಗುತ್ತ ಬಂತು. ನನ್ನ ಬ್ರಷ್‌ಗೆ ಕೆಲಸವಿಲ್ಲದಂತಾಯಿತು.

ಆಮೇಲೆ ತಮ್ಮ ಆದೇಶ ಬಂತು. ವೈದ್ಯೆಗೆ ವರ್ಗವಾಗಿತ್ತು. ಹೊಸಬರು ಮೈಯ ರೋಗನಿರೋಧಕ ಶಕ್ತಿಯನ್ನೇ ಅದುಮುವ ಮಾತ್ರೆ ಬರೆದರು. ಹಳೆಯ ಕ್ಷಯದ ವಿಷಯ ಹೇಳಿದೆ. "ನಾವೇನ್ ಮಾಡೋದಮ್ಮಾ, ಮೇಲಿಂದ ಬಂದಿರೋದು ಇದೊಂದೇ," ಎಂದರು. ಆ ಮೇಲಿನವರು ತಾವೇ ಅಲ್ಲವೇ? ಕಾಯಿಲೆ ಒಂದೇ ಆದರೆ ಮೈಗಳೆಲ್ಲ ಒಂದೇ ಎಂದು ತಮಗೆ ಯಾವ ಪಂಡಿತರು ಬೋಧಿಸಿದರು? ಅಳತೆ ತೆಗೆಯದೆ ಊರಿಗೆಲ್ಲ ಒಂದೇ ಕೋಟು ಹೊಲಿಯುವ ಧೈರ್ಯ ನಮ್ಮವರಿಗಂತೂ ಇರಲಿಲ್ಲ. ಚರ್ಮವೇನೋ ತಿಳಿಯಾಗಿಯೇ ಉಳಿಯಿತು. ತಮ್ಮ ವಾರ್ಷಿಕ ವರದಿಯಲ್ಲಿ ಅವರು ಗುಣಮುಖರ ಸಾಲಿನಲ್ಲಿ ಇದ್ದಾರೋ ಏನೋ. ಒಳಗೆ ಮಲಗಿದ್ದ ಕ್ಷಯ ಎದ್ದು ಕೂತಿತು. ಕೆಮ್ಮುತ್ತಲೇ ಕೊನೆಯ ಕೋಟಿಗೆ ಕಾಲರ್ ಇಟ್ಟರು. ತೋಳು ಜೋಡಿಸಲು ಆಗಲಿಲ್ಲ.

ತೋಳಿಲ್ಲದ ಆ ಕೋಟು ಅಂಗಡಿಯಲ್ಲಿ ಹಾಗೇ ನೇತಾಡುತ್ತಿದೆ. ಬಾಗಿಲು ತೆಗೆದರೆ ಸಾಕು, "ಇವಳೇ" ಎಂದ ಹಾಗಾಗುತ್ತದೆ. ಕಾಲರ್ ಕೆಳಗೂ ಬ್ರಷ್ ಹಾಕುತ್ತೇನೆ. ಏನೂ ಉದುರುವುದಿಲ್ಲ. ಯಾವ ಹೊಟ್ಟನ್ನು ಗೊಣಗುತ್ತ ಕೊಡವುತ್ತಿದ್ದೆನೋ ಅದರ ಒಂದು ಚೂರಿಗಾಗಿ ಬೆಳಕಿಗೆ ಹಿಡಿದು ಹುಡುಕುತ್ತೇನೆ. ನನ್ನನ್ನು ಕಂಡು ನನಗೇ ಭಯವಾಗುತ್ತದೆ.

ಆ ಕ್ಯಾಪ್ಸೂಲನ್ನು ಮರಳಿ ತರಿಸಿ. ಯಾರಿಗೆ ಯಾವ ಔಷಧವೆಂಬುದನ್ನು ರೋಗಿಯ ಎದೆಗೆ ಕಿವಿಗೊಟ್ಟ ವೈದ್ಯರಿಗೇ ಬಿಡಿ. ಆಸ್ಪತ್ರೆಯ ಬೆಂಚಿನ ಮೇಲೆ ಇವತ್ತೂ ಹೆಂಗಸರು ಗಂಡಂದಿರ ಹೆಗಲ ಮೇಲಿನ ಹೊಟ್ಟು ಒರೆಸುತ್ತ ಕೂತಿದ್ದಾರೆ. ಅವರಿಗೆ ಒರೆಸಲು ಆ ಹೆಗಲಾದರೂ ಉಳಿಯಲಿ.

ಇಂತಿ,
ಕೈಯಲ್ಲಿ ಬ್ರಷ್ ಮಾತ್ರ ಉಳಿದಿರುವ
ದರ್ಜಿಯ ಹೆಂಡತಿ