ಸಂಸೆಯ ಒಲೆಗೆ ಹಾಕಿದ ಕಲ್ಲು

ಕಳಸ
ನವೆಂಬರ್ 9, 2024

ತಮ್ಮ ಶಾಕಿರ್‌ಗೆ ಸಲಾಂ.

ಹೋದ ಜನವರಿ ಹದಿನೆಂಟರಂದು, ಸಂಸೆಯ ಎಸ್ಟೇಟಿನಲ್ಲಿ ನೀನು ಕಟ್ಟಿದ ಕಾಫಿ ಒಣಗಿಸುವ ಡ್ರೈಯರ್ ಒಲೆಯ ಕಮಾನು ಕುಸಿದು, ಬೆಂಕಿ ನೋಡಿಕೊಳ್ಳುತ್ತಿದ್ದ ದಾಸಯ್ಯ ಸತ್ತ. ಅವನು ಕುಡಿದು ಸಿಕ್ಕಾಪಟ್ಟೆ ಸೌದೆ ತುಂಬಿದ್ದನೆಂದು ಮಾರನೆಯ ದಿನವೇ ನಿನ್ನ ಸಹಿಯ ಹೇಳಿಕೆ ಪೊಲೀಸರಿಗೆ ಹೋಯಿತು.

ಆ ತಿಂಗಳ ಅಕಾಲ ಮಳೆಗೆ ಕಣದಲ್ಲಿದ್ದ ಕಾಫಿಯೆಲ್ಲ ನೆನೆದಿತ್ತು. ಸಾಹುಕಾರರಿಗೆ ಅವಸರ. ಶಾಖ ತಾಳುವ ಫೈರ್ ಬ್ರಿಕ್ ಇಟ್ಟಿಗೆ ಸಾಲದೆ ಬಂದಾಗ ನೀನು ಹೊಳೆಯ ಬಿಳಿ ಬೆಣಚುಕಲ್ಲು ತಂದು ಕಮಾನು ಮುಗಿಸಿದೆ. ಒಲೆ ಹೊತ್ತಿಸಿದಾಗ ದಾಸಯ್ಯನ ಹೆಂಡತಿ ರಂಗಮ್ಮ ಅಲ್ಲೇ ಕಾಫಿ ಹರವುತ್ತಿದ್ದಳು; ಇದು ಆಮೇಲೆ ಅವಳೇ ನನಗೆ ಹೇಳಿದ್ದು. "ಸಾಬ್ರೇ, ಒಲೆ ಒಳ್ಗೆ ಪಟ್ ಪಟ್ ಅಂತದೆ, ಆರಿಸ್ಲಾ?" ಎಂದು ಅವನು ಕೇಳಿದನಂತೆ. "ಉಜ್ಜಿದ್ರೆ ಬೆಂಕಿ ಹುಟ್ಸೋ ಕಲ್ಲು, ಬೆಂಕಿಗೆ ಹೆದರ್ತದಾ ಮಾರಾಯ? ಹಾಕು ಸೌದೆ" ಎಂದು ನೀನು ನಕ್ಕೆಯಂತೆ.

ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು ಹೇಳುತ್ತೇನೆ, ಕೇಳು. ಬೆಣಚುಕಲ್ಲೆಂದರೆ ಹರಳು, ಅದರೊಳಗೆ ಪರಮಾಣುಗಳು ಒಂದು ಕ್ರಮದಲ್ಲಿ ಕೂತಿರುತ್ತವೆ. ಐನೂರ ಎಪ್ಪತ್ತಮೂರು ಡಿಗ್ರಿ ಮುಟ್ಟಿದೊಡನೆ ಆ ಕ್ರಮ ಬದಲಾಗುತ್ತದೆ. ಕಲ್ಲು ಕರಗುವುದಿಲ್ಲ, ಒಮ್ಮೆಲೇ ಉಬ್ಬುತ್ತದೆ. ಆರಿದಾಗ ಹಳೆಯ ಕ್ರಮಕ್ಕೆ ಬಂದು ಕುಗ್ಗುತ್ತದೆ, ಆದರೆ ಬಿದ್ದ ಬಿರುಕು ಕೂಡಿಕೊಳ್ಳುವುದಿಲ್ಲ. ನಾಲ್ಕು ದಿನ ಉರಿದು ಆರಿದ ಕಮಾನು ಐದನೆಯ ದಿನ, ದಾಸಯ್ಯ ಸೌದೆ ನೂಕಲು ಬಗ್ಗಿದಾಗ, ಅವನ ಮೇಲೆ ಕುಸಿಯಿತು. ಅವನು ಹೆಚ್ಚು ಸೌದೆ ಹಾಕಬೇಕಾಗಿಯೇ ಇರಲಿಲ್ಲ. ಅಂಥ ಒಲೆ ದಿನವೂ ಆ ಶಾಖವನ್ನು ದಾಟುತ್ತದೆ.

ಮೊನ್ನೆ ಇನ್ನೊಂದು ತಿಳಿಯಿತು. ಈ ಮಳೆಗಾಲದಲ್ಲಿ ಕೊಟ್ಟಿಗೆಹಾರದ ಹತ್ತಿರ ಎರಡು ಒಲೆಗಳಿಗೆ ನೀನು ಅದೇ ಕಲ್ಲು ಹಾಕಿದ್ದೀಯ. ದಾಸಯ್ಯನದೇ ತಪ್ಪೆಂದು ಹೇಳಿ ಹೇಳಿ ನೀನೂ ಅದನ್ನು ನಂಬಿಬಿಟ್ಟೆ. ಡಿಸೆಂಬರಿನಲ್ಲಿ ಆ ಒಲೆಗಳಿಗೆ ಬೆಂಕಿ ಬೀಳುತ್ತದೆ. ಅವುಗಳ ಮುಂದೆ ಬಗ್ಗುವವರು ಯಾರೆಂದು ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಹದಿನೇಳರ ಭಾನುವಾರ ಕೊಟ್ಟಿಗೆಹಾರದಲ್ಲಿ ಬೆಳೆಗಾರರ ಸಭೆಯಿದೆ. ರಂಗಮ್ಮನನ್ನು ನಾನು ಕರೆತರುತ್ತೇನೆ. ನೀನು ಬಾ.

ನಿನ್ನ ಆಪಾ,
ರೌಶನ್ ಬೀ

ಮರೆತ ಮಾತಲ್ಲ, ಬರೆಯಲು ಕೈ ಬಾರದ್ದು: ಅವತ್ತು ನೀನು ನನ್ನ ಬಳಿಗೆ ಬಂದು "ಸೌದೆ ಜಾಸ್ತಿ ಆಯ್ತೇನೋ ಆಪಾ" ಎಂದಷ್ಟೇ ಅಂದಿದ್ದೆ. ಹೇಳಿಕೆ ಬರೆದುಕೊಟ್ಟವಳು ನಾನು. ನೀನು ಜೈಲಿಗೆ ಹೋಗಬಾರದೆಂದು 'ಕುಡಿದಿದ್ದ' ಎಂದು ಸೇರಿಸಿದವಳೂ ನಾನೇ. ಸಭೆಯಲ್ಲಿ ಇದನ್ನು ಮೊದಲು ನಾನು ಎದ್ದು ಹೇಳುತ್ತೇನೆ. ಆಮೇಲೆ ನೀನು ರಂಗಮ್ಮನ ಮುಖ ನೋಡಿ, ಎಲ್ಲರಿಗೂ ಕೇಳುವಂತೆ ಉತ್ತರ ಕೊಡಬೇಕು: ಅವಳ ಗಂಡನ ತಲೆಯ ಮೇಲೆ ಯಾವ ಕಲ್ಲು ಇಟ್ಟಿದ್ದೆ?